ಮೌನಕ್ಕೆ ಮುನ್ನ ಆಡಬೇಕಾದ ಮಾತು

ಭಿಕ್ಷುಗಳ ನಡೆನುಡಿಯ ನಿಯಮಗಳನ್ನು ಹೇಳುವ ವಿನಯ ಪಿಟಕದಲ್ಲಿ ರೋಗಿಗಳ ಬಗ್ಗೆ ಒಂದು ಪ್ರಸಂಗ ಬರುತ್ತದೆ. ಹೊಟ್ಟೆ ಕೆಟ್ಟು, ತನ್ನದೇ ಹೇಸಿಗೆಯಲ್ಲಿ ಬಿದ್ದುಕೊಂಡಿದ್ದ ಭಿಕ್ಷುವೊಬ್ಬ ಬುದ್ಧನ ಕಣ್ಣಿಗೆ ಬೀಳುತ್ತಾನೆ. ಜೊತೆಯವರು ಯಾರೂ ಅವನ ಹತ್ತಿರ ಸುಳಿದಿರುವುದಿಲ್ಲ. ಶಿಷ್ಯ ಆನಂದನಿಂದ ನೀರು ತರಿಸಿ ಬುದ್ಧನೇ ಹೊಯ್ಯುತ್ತಾನೆ, ಆನಂದ ಮೈ ತೊಳೆಯುತ್ತಾನೆ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಇದರ ಬೆನ್ನಿಗೇ ಬರುವ ಒಂದು ಪಟ್ಟಿ ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಎಂಥ ರೋಗಿಯ ಆರೈಕೆ ಕಷ್ಟ ಎನ್ನುವುದಕ್ಕೆ ಅಲ್ಲಿ ಐದು ಲಕ್ಷಣ ಹೇಳಿದೆ: ಮೈಗೆ ಒಗ್ಗದ್ದನ್ನು ಮಾಡುವವನು, ಒಗ್ಗುವುದರಲ್ಲೂ ಮಿತಿ ತಿಳಿಯದವನು, ಔಷಧಿ ತೆಗೆದುಕೊಳ್ಳದವನು, ಕಾಯಿಲೆ ಏರಿದೆಯೋ ಇಳಿದಿದೆಯೋ ಇದ್ದ ಹಾಗೇ ಇದೆಯೋ ಎಂದು ನೋಡಿಕೊಳ್ಳುವವರಿಗೆ ನಿಜ ಹೇಳದವನು, ನೋವು ತಾಳಿಕೊಳ್ಳದವನು.

ನೋವು ತಾಳಿಕೊಳ್ಳಬೇಕು, ನೋವನ್ನು ಬಾಯಿಬಿಟ್ಟು ಹೇಳಲೂ ಬೇಕು. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಧ್ಯಾನ ಶಿಬಿರಕ್ಕೆ ಹೊರಡುವ ನಮ್ಮ ಜನ ತಾಳುವುದನ್ನು ಮಾತ್ರ ಕಟ್ಟಿಕೊಂಡು ಹೋಗುತ್ತಾರೆ, ಹೇಳುವುದನ್ನು ಮನೆಯಲ್ಲೇ ಬಿಟ್ಟಿರುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವೇ ವಾರಗಳಾದವರು ಹಾಗೆ ಹೊರಟರೆ ಆಗಬಹುದಾದ ಅನಾಹುತ ದೊಡ್ಡದು. ಈ ವಾರ ಅದನ್ನೇ ಬರೆಯಬೇಕು ಅನ್ನಿಸಿದೆ.

ನನ್ನ ಅಕ್ಕ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನೇಪಾಳದ ಬೌದ್ಧ ಮಠವೊಂದರಲ್ಲಿ ತಿಂಗಳು ಪೂರ್ತಿ ನಡೆಯುವ ಶಿಬಿರಕ್ಕೆ ಹೆಸರು ಕೊಟ್ಟಿದ್ದಳು. ಕಠ್ಮಂಡುವಿನ ಅಂಚಿನ ಕೋಪನ್ ಮಠದಲ್ಲಿ ಲಾಮಾ ಯೇಶೆ ಮತ್ತು ಲಾಮಾ ಜೋಪಾ 1971ರಲ್ಲಿ ಶುರು ಮಾಡಿದ ಶಿಬಿರಗಳು ಇಂದಿಗೂ ಪ್ರತಿ ನವೆಂಬರಿನಲ್ಲಿ ನಡೆಯುತ್ತಿವೆ. ಅಕ್ಕ ಆರಿಸಿಕೊಂಡದ್ದೂ ಅಂಥದ್ದೇ ಒಂದನ್ನು. ಅದು ಅವಳ ಬಹುಕಾಲದ ಆಸೆ. ಮಕ್ಕಳ ಮದುವೆ, ಭಾವನ ಕಾಯಿಲೆ, ಅತ್ತೆಯ ಕೊನೆಗಾಲ ಎಲ್ಲ ಮುಗಿದ ಮೇಲೆ ಸಿಕ್ಕಿದ ಒಂದು ತಿಂಗಳು. ಹೊರಡಲು ಇನ್ನೂ ದಿನ ಇರುವಾಗ ಒಂದು ಸಂಜೆ ಬೆನ್ನಿನ ನಡುವೆ ಹಿಡಿದುಕೊಂಡಂತಾಯಿತು, ದವಡೆ ಸೆಳೆಯಿತು, ಸೆರಗು ನೆನೆಯುವಷ್ಟು ಬೆವರಿದಳು. "ಮಧ್ಯಾಹ್ನ ಹುರುಳಿಕಾಳು ಸಾರು ಜಾಸ್ತಿ ಆಯ್ತು, ಗ್ಯಾಸ್ಟ್ರಿಕ್" ಎಂದು ಜೀರಿಗೆ ಕಷಾಯ ಕುಡಿದು ಮಲಗಿದಳು. ಆಮೇಲೆ ಪಕ್ಕದ ಮನೆಯವರು ಬಲವಂತ ಮಾಡಿ ಕರೆದುಕೊಂಡು ಹೋಗಿ ಇ.ಸಿ.ಜಿ. ತೆಗೆಸಿದರು. ಹೃದಯಾಘಾತ. ಅವತ್ತು ರಾತ್ರಿಯೇ ಆಂಜಿಯೋಪ್ಲಾಸ್ಟಿ, ಒಂದು ಸ್ಟೆಂಟ್.

ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಎಷ್ಟೋ ಸಲ ಹೀಗೇ ವೇಷ ಮರೆಸಿಕೊಂಡು ಬರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆಯ ಎಡಭಾಗ ಹಿಡಿದುಕೊಂಡು ಕುಸಿಯುವುದು ಎಲ್ಲರಿಗೂ ಆಗುವುದಿಲ್ಲ. ವಾಂತಿ ಬಂದಂತೆ, ವಿಪರೀತ ಸುಸ್ತು, ಉಸಿರು ಸಾಲದ ಹಾಗೆ, ಬೆನ್ನು, ದವಡೆ, ಹೊಟ್ಟೆಯ ಮೇಲ್ಭಾಗ. ಕರ್ನಾಟಕದಲ್ಲಿ ಇವೆಲ್ಲಕ್ಕೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿ ನಿಂತದ್ದು ನೆನಪಿರಬಹುದು. ಆ ಭಯ ಕೆಲವು ವಾರಗಳಲ್ಲಿ ಇಳಿಯಿತು. ಗ್ಯಾಸ್ಟ್ರಿಕ್ ಎನ್ನುವ ಮಾತು ಇನ್ನೂ ಇಳಿದಿಲ್ಲ.

ಮನೆಗೆ ಬಂದ ಮೇಲೆ ಎರಡು ಬಣವಾಯಿತು. ನಮ್ಮ ಚಿಕ್ಕಮ್ಮನಂಥವರು, "ಹೋಗಬೇಡ ಅಂತ ದೇವರೇ ಸೂಚನೆ ಕೊಟ್ಟ" ಎಂದರು. ಅಕ್ಕನದು ಇದಕ್ಕೆ ಪೂರ್ತಿ ತದ್ವಿರುದ್ಧ: "ಇನ್ನೆಷ್ಟು ದಿನವೋ ಯಾರಿಗೆ ಗೊತ್ತು, ಈಗಲೇ ಹೋಗಿಬರ್ತೀನಿ." ಮಠದವರಿಗೆ ಬರೆದು ತಿಳಿಸಿದೆಯಾ ಎಂದು ಕೇಳಿದರೆ, "ಹೆಸರು ಕೊಟ್ಟಾಗ ನನಗೇನೂ ಇರಲಿಲ್ಲವಲ್ಲ. ಸುಳ್ಳೇನೂ ಹೇಳಿಲ್ಲ" ಎಂದಳು. ವರ್ಷಗಟ್ಟಲೆ ಪರೀಕ್ಷಾ ಕೊಠಡಿ ಕಾದ ಮೇಡಂ ಕೊಡುವ ಉತ್ತರವೇ ಇದು ಎಂದು ನನಗೆ ಆಶ್ಚರ್ಯವಾಯಿತು. ಹೀಗೆ ಹೇಳುವವರು ಅವಳೊಬ್ಬಳೇ ಅಲ್ಲ ಎನ್ನುವುದು ಶಿಬಿರಗಳಲ್ಲಿ ಸೇವೆ ಮಾಡಿಬಂದವರನ್ನು ಕೇಳಿದರೆ ಗೊತ್ತಾಗುತ್ತದೆ. ನಿಜ ಹೇಳಿದರೆ ಸೀಟು ಹೋಗುತ್ತದೆ ಎಂಬ ಅಂಜಿಕೆ. ಇಗತಪುರಿಯಾಗಲಿ, ಬೆಂಗಳೂರು ಹೊರವಲಯದ ಆಲೂರಿನ ಧಮ್ಮ ಪಫುಲ್ಲವಾಗಲಿ, ವಿಪಶ್ಯನ ಕೇಂದ್ರಗಳ ಅರ್ಜಿಯಲ್ಲಿ ಮೈಯ ಕಾಯಿಲೆ, ಮನಸ್ಸಿನ ಕಾಯಿಲೆ, ನುಂಗುತ್ತಿರುವ ಮಾತ್ರೆ ಮೂರನ್ನೂ ಕೇಳುತ್ತಾರೆ. ಕೇಳುವುದು ಹೊರಗಿಡಲಿಕ್ಕೆಂದು ನಾವು ಅಂದುಕೊಂಡಿದ್ದೇವೆ. ಬಹಳಷ್ಟು ಸಲ ಅದು ಕುರ್ಚಿ ಹಾಕಿಕೊಡುವುದಕ್ಕೆ, ಸಂಜೆ ತಿನ್ನಲು ಏನಾದರೂ ಕೊಡುವುದಕ್ಕೆ, ಊಟದ ಮನೆಗೆ ಹತ್ತಿರದ ಕೋಣೆ ನೋಡುವುದಕ್ಕೆ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ಸ್ಟೆಂಟ್ ಹಾಕಿದ ಕೂಡಲೇ ಎಲ್ಲ ಸರಿಹೋಯಿತು ಅನ್ನಿಸುವುದು ಸಹಜ. ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರೆ, ಎದೆಯ ಮೇಲೆ ಹೊಲಿಗೆಯ ಗಾಯವೂ ಇರುವುದಿಲ್ಲ, ಮಣಿಕಟ್ಟಿನ ಹತ್ತಿರ ಒಂದು ಚುಕ್ಕೆ ಅಷ್ಟೆ. ಒಳಗೆ ನಡೆಯುವುದು ಬೇರೆ. ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಗಟ್ಟಿ ಕಲೆಯಾಗಿ ಮಾಯಲು ಸುಮಾರು 6ರಿಂದ 8 ವಾರ ಬೇಕು. ಸ್ಟೆಂಟ್ ಎನ್ನುವುದು ಲೋಹದ ಸಣ್ಣ ಬಲೆ, ರಕ್ತಕ್ಕೆ ಅದು ಹೊರಗಿನ ವಸ್ತು. ರಕ್ತನಾಳದ ಒಳಪದರ ಬೆಳೆದು ಅದನ್ನು ಮುಚ್ಚಿಕೊಳ್ಳುವ ತನಕ ಅದರ ಮೇಲೆ ಹೆಪ್ಪುಗಟ್ಟುವ ಅಪಾಯ ಇದ್ದೇ ಇರುತ್ತದೆ. ಅದಕ್ಕೇ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಕೊಡುವುದು. ಹೃದಯಾಘಾತವಾದವರಿಗೆ ಈ ಜೋಡಿ ಸಾಮಾನ್ಯವಾಗಿ 12 ತಿಂಗಳು ನಡೆಯುತ್ತದೆ. ವೈದ್ಯರು ಹೇಳದೆ ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಎರಡನೇ ಆಘಾತ ಆಗಬಹುದು, ಅದು ಮೊದಲನೆಯದಕ್ಕಿಂತ ಕೆಟ್ಟದ್ದೂ ಆಗಬಹುದು. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೂ ಬಡಿತ, ಬಿ.ಪಿ. ಎರಡೂ ಚಿಮ್ಮುತ್ತವೆ.

ನಮ್ಮಲ್ಲಿ ಮಾತ್ರೆ ಬಿಡುವುದಕ್ಕೆ ವೈರಾಗ್ಯದ ಹೆಸರಿದೆ. ಏಕಾದಶಿಯ ದಿನ ಬಿ.ಪಿ. ಮಾತ್ರೆ ಬಿಡುವ ಅಜ್ಜಿಯರು, ಮಾಲೆ ಹಾಕಿದ ಮೇಲೆ ಸಕ್ಕರೆಯ ಮಾತ್ರೆ ಮರೆಯುವ ಅಣ್ಣಂದಿರು ಯಾವ ಊರಿನಲ್ಲಿಲ್ಲ? ಶಿಬಿರಕ್ಕೆ ಹೋಗುವವರೂ ಅದೇ ಹುಮ್ಮಸ್ಸಿನಲ್ಲಿ, ಶುದ್ಧವಾದ ಊಟ, ಶುದ್ಧವಾದ ಗಾಳಿ, ನಾಲ್ಕು ಹೊತ್ತು ಧ್ಯಾನ, ಇನ್ನು ಮಾತ್ರೆ ಯಾಕೆ ಎಂದುಕೊಳ್ಳುತ್ತಾರೆ. ಬೌದ್ಧ ಸಂಪ್ರದಾಯ ಈ ಮಾತಿಗೆ ಒಪ್ಪುವುದಿಲ್ಲ. ಅಲ್ಲಿ ಭಿಕ್ಷುವಿಗೆ ಬೇಕಾದವು ನಾಲ್ಕೇ ನಾಲ್ಕು: ಬಟ್ಟೆ, ಭಿಕ್ಷೆಯ ಊಟ, ತಂಗಲು ಜಾಗ, ರೋಗಕ್ಕೆ ಮದ್ದು. ಎಲ್ಲ ಬಿಟ್ಟುಬಂದವನೂ ಬಿಡದ ನಾಲ್ಕರಲ್ಲಿ ಔಷಧಿ ಒಂದು. ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಇಡೀ ಅಧ್ಯಾಯ ಔಷಧಿಗಳಿಗೇ ಮೀಸಲು. ಮಧ್ಯಾಹ್ನದ ನಂತರ ಊಟ ಕೂಡದು ಎಂಬ ನಿಯಮ ಮಾಡಿದ ಸಂಘವೇ ಕಾಯಿಲೆಯವರಿಗೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಹೊತ್ತು ಮೀರಿದ ಮೇಲೂ ಸೇವಿಸಬಹುದೆಂದು ಬಿಟ್ಟುಕೊಟ್ಟಿತು. ಮುದಿವಯಸ್ಸಿನ ಬುದ್ಧ ಪಾವಾದಲ್ಲಿ ಮಲ್ಲರು ಕಟ್ಟಿಸಿದ ಹೊಸ ಸಭಾಭವನದಲ್ಲಿ ಬೆನ್ನುನೋವೆಂದು ಹೇಳಿ, ಉಪದೇಶವನ್ನು ಸಾರಿಪುತ್ತನಿಗೆ ಒಪ್ಪಿಸಿ ಮಲಗಿದ ಪ್ರಸಂಗ ದೀಘ ನಿಕಾಯದಲ್ಲಿದೆ. ತುಂಬಿದ ಸಭೆಯಲ್ಲಿ ಗುರುವೇ ನನಗೆ ಬೆನ್ನು ನೋಯುತ್ತಿದೆ ಎಂದು ಹೇಳಿ ಕಾಲು ಚಾಚಿದ ಪರಂಪರೆಯಲ್ಲಿ ಶಿಷ್ಯರು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ ಕಾರಣವೇ ಇಲ್ಲ. ನಮ್ಮ ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು 1956ರಲ್ಲಿ ಕಟ್ಟಿದ ಆಚಾರ್ಯ ಬುದ್ಧರಕ್ಖಿತರು ಧ್ಯಾನ, ಗ್ರಂಥಗಳ ಜೊತೆಗೇ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸುಟ್ಟಗಾಯದವರಿಗೆ ವಾರ್ಡ್ ಆಗುವ ಹಾಗೆ ಮಾಡಿದರು. ಅವರಿಗೆ ಅವೆರಡೂ ಬೇರೆ ಕೆಲಸ ಆಗಿರಲಿಲ್ಲ.

ಶಿಬಿರ ಮೈಯಿಂದ ಏನೇನು ಕೇಳುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸುಮ್ಮನೆ ಕೂರುವುದು ತಾನೇ, ಅದಕ್ಕಿಂತ ವಿಶ್ರಾಂತಿ ಬೇಕೆ ಎನ್ನುತ್ತಾರೆ. ಈ ವಿಪಶ್ಯನ ಕೇಂದ್ರಗಳನ್ನು ನಡೆಸುವ ಗೋಯೆಂಕಾ ಪರಂಪರೆಯ 10 ದಿನದ ಶಿಬಿರದಲ್ಲಿ ಬೆಳಗಿನ 4 ಗಂಟೆಗೆ ಘಂಟೆ ಬಾರಿಸಿದರೆ ರಾತ್ರಿ 9.30ಕ್ಕೆ ದೀಪ ಆರುತ್ತದೆ. ನಡುವೆ ಹತ್ತಿರ ಹತ್ತಿರ 10 ಗಂಟೆ ಕೂರುವುದು. ಟಿಬೆಟಿನ ಪದ್ಧತಿಯ ಮಠಗಳಲ್ಲಾದರೆ ಕೂರುವುದರ ಜೊತೆ ಸಾಷ್ಟಾಂಗ ನಮಸ್ಕಾರ: ನಿಂತು, ಬಗ್ಗಿ, ಪೂರ್ತಿ ನೆಲಕ್ಕೆ ಚಾಚಿ, ಮತ್ತೆ ಏಳುವುದು. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್‌ಗೆ ಹೋದವರು ನೋಡಿರುತ್ತೀರಿ, ಹಲಗೆಯ ಮೇಲೆ ಹೀಗೆ ನಮಸ್ಕಾರ ಹಾಕುತ್ತಲೇ ಇರುವವರನ್ನು. ಗಟ್ಟಿಮುಟ್ಟಾದವರಿಗೇ ಏದುಸಿರು ಬರುತ್ತದೆ. ಬಿ.ಪಿ. ಇಳಿಸುವ ಮಾತ್ರೆ ನುಂಗುವವರು ಹೊತ್ತುಗಟ್ಟಲೆ ಕೂತು ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು, ನೆಲದಿಂದ ಏಳುವ ನಮಸ್ಕಾರದಲ್ಲಂತೂ ಇನ್ನೂ ಸುಲಭವಾಗಿ. ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿದ್ದಾಗ ಬಿದ್ದು ತಲೆಗೆ ಪೆಟ್ಟಾದರೆ ಅದು ಸಣ್ಣ ಪೆಟ್ಟಲ್ಲ. ಚಳಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ, ಬಿ.ಪಿ. ಏರುತ್ತದೆ. ಕಠ್ಮಂಡು ಕಣಿವೆ ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ, ಅದೇನೂ ತೊಂದರೆಯಲ್ಲ. ಲೇಹ್‌ನ 3,500 ಮೀಟರ್‌ಗೆ ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹೃದಯದ ರೋಗಿ ಹೊರಡಲೇಬಾರದು.

ಸಕ್ಕರೆ ಕಾಯಿಲೆಯವರಿಗೆ ಸಂಜೆಯ ಖಾಲಿ ಹೊಟ್ಟೆಯೇ ದೊಡ್ಡ ಪ್ರಶ್ನೆ. ಮಧ್ಯಾಹ್ನದೊಳಗೆ ಊಟ ಮುಗಿಸಿ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮಾತ್ರ ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ರಾತ್ರಿ ಸಕ್ಕರೆ ನೆಲಕಚ್ಚುತ್ತದೆ. ಕೈನಡುಕ, ಬೆವರು, ಮಂಪರು. ಪಕ್ಕದ ದಿಂಬಿನವರು ಅದನ್ನು ಗಾಢ ಧ್ಯಾನವೆಂದೂ ತಿಳಿದುಕೊಳ್ಳಬಹುದು.

ಇನ್ನು ನೋವಿನ ಮಾತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ವಿಪಶ್ಯನದಲ್ಲಿ ನಾಲ್ಕನೇ ದಿನದಿಂದ ಅಧಿಷ್ಠಾನ ಎಂಬ ಕೂರುವಿಕೆ ಶುರುವಾಗುತ್ತದೆ. ಒಂದು ಗಂಟೆ ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಇರಬೇಕು, ದಿನಕ್ಕೆ ಮೂರು ಸಲ. ಮಂಡಿ ಉರಿಯುತ್ತದೆ, ಬೆನ್ನು ಸೀಳುತ್ತದೆ, ಕಾಲು ಮರಗಟ್ಟುತ್ತದೆ. ಅದನ್ನು ತಳ್ಳದೆ, ಅದಕ್ಕೆ ಅಂಜದೆ ನೋಡುತ್ತಾ ಹೋದರೆ ಅದು ಬದಲಾಗುವುದು ಕಾಣುತ್ತದೆ ಎನ್ನುವುದು ಪಾಠ. ಮಂಡಿಯ ನೋವಿನ ಮಟ್ಟಿಗೆ ಇದು ನೂರಕ್ಕೆ ನೂರು ನಿಜ, ಕೂತವರೆಲ್ಲ ಬಲ್ಲರು. ಆದರೆ ಹೃದಯಾಘಾತವಾದವರ ಮೈಯಲ್ಲಿ ಇನ್ನೊಂದು ಜಾತಿಯ ನೋವು ಬರಬಹುದು, ಅದನ್ನು ನೋಡುತ್ತಾ ಕೂರುವಂತಿಲ್ಲ. ಎದೆ ಬಿಗಿಯುವುದು, ದವಡೆಗೋ ತೋಳಿಗೋ ಇಳಿಯುವುದು, ತಣ್ಣನೆ ಬೆವರು, ಉಸಿರು ಸಿಗದಿರುವುದು: ಇವು ಅನಿತ್ಯದ ಪಾಠಕ್ಕೆ ಬಂದ ಸಂವೇದನೆಗಳಲ್ಲ. ಸ್ನಾಯುವಿಗೆ ರಕ್ತ ನಿಂತಿದೆ, ಒಂದೊಂದು ನಿಮಿಷಕ್ಕೂ ಅದು ಸಾಯುತ್ತಿದೆ. ಕೂಡಲೇ ಏಳಬೇಕು, ಕೈ ಎತ್ತಬೇಕು, ಬಾಯಿಬಿಟ್ಟು ಹೇಳಬೇಕು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಕೂತುಕೊಂಡು ಇಟ್ಟುಕೊಳ್ಳಬೇಕು, 5 ನಿಮಿಷದಲ್ಲಿ ನೋವು ಇಳಿಯದಿದ್ದರೆ ಆಂಬುಲೆನ್ಸ್. ಆ ಮಾತ್ರೆ ಕೋಣೆಯ ಬ್ಯಾಗಿನಲ್ಲಿದ್ದರೆ ಪ್ರಯೋಜನವಿಲ್ಲ. ಸೆರಗಿನ ಗಂಟಿನಲ್ಲೋ ಅಂಗಿಯ ಜೇಬಿನಲ್ಲೋ ಇದ್ದು, ಧ್ಯಾನದ ಹಾಲಿಗೂ ಜೊತೆಗೇ ಬರಬೇಕು.

ಶಿಬಿರದಲ್ಲಿ ಪಾಲಿಸುವ ಆರ್ಯಮೌನ ಎಂದರೆ ಇಂಥ ಹೊತ್ತಿನಲ್ಲೂ ಬಾಯಿ ಹೊಲಿದುಕೊಳ್ಳಬೇಕು ಎಂದು ತಿಳಿದವರಿದ್ದಾರೆ. ನಿಯಮ ಹಾಗಿಲ್ಲ. ಮೌನ ಇರುವುದು ಸಾಧಕರ ನಡುವೆ. ಆರೋಗ್ಯಕ್ಕೆ, ಊಟಕ್ಕೆ, ವಸತಿಗೆ ವ್ಯವಸ್ಥಾಪಕರ ಹತ್ತಿರ, ಧ್ಯಾನದ ತೊಡಕಿಗೆ ಆಚಾರ್ಯರ ಹತ್ತಿರ ಎಷ್ಟು ಬೇಕೋ ಅಷ್ಟು ಮಾತಾಡಬಹುದು. ನನಗಾದರೋ ಇದನ್ನು ಪ್ರತಿ ಶಿಬಿರದ ಮೊದಲ ಸಂಜೆ ಗಟ್ಟಿಯಾಗಿ, ಎರಡು ಸಲ ಹೇಳಬೇಕು ಅನ್ನಿಸುತ್ತದೆ. ಪಕ್ಕದವರಿಗೆ ತೊಂದರೆಯಾದೀತು ಎಂದು ನೋವು ನುಂಗಿಕೊಳ್ಳುವ ಹೆಂಗಸರು ನಮ್ಮಲ್ಲಿ ಕಡಿಮೆ ಇಲ್ಲ, ಅವರಿಗೆ ಮೌನದ ನಿಯಮ ಇನ್ನೊಂದು ನೆಪವಾಗುತ್ತದೆ.

ಮೈ ಮಾಯುವುದಕ್ಕಿಂತ ನಿಧಾನವಾಗಿ ಮಾಯುವುದು ಹೆದರಿಕೆ. ಅಕ್ಕ ಮೊದಲ ತಿಂಗಳು ಎಡಗಡೆ ಮಲಗುತ್ತಿರಲಿಲ್ಲ, ದಿಂಬಿಗೆ ಕಿವಿ ಇಟ್ಟರೆ ಬಡಿತ ಕೇಳುತ್ತದೆ ಎಂದು. ಹೃದಯಾಘಾತವಾದ ಸುಮಾರು ಐವರಲ್ಲಿ ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ, ಆತಂಕ ಇನ್ನೂ ಹೆಚ್ಚಿನವರನ್ನು. ಈ ಸ್ಥಿತಿಯಲ್ಲಿ ಫೋನು, ಮನೆಮಂದಿ, ಮಾತು ಎಲ್ಲ ಬಿಟ್ಟು, ಇಡೀ ದಿನ ತನ್ನ ಉಸಿರನ್ನೂ ಎದೆಯನ್ನೂ ಗಮನಿಸುತ್ತಾ ಕೂತರೆ ಕೆಲವರಿಗೆ ಶಾಂತಿಗಿಂತ ದಿಗಿಲೇ ಹೆಚ್ಚಾಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜೇರೆಡ್ ಲಿಂಡಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಅನುಭವಗಳನ್ನು ಸಾಧಕರ ಬಾಯಿಂದಲೇ ಕೇಳಿ ದಾಖಲಿಸಿದೆ: ನಿದ್ದೆಗೇಡು, ಆತಂಕ, ಭಯ. ಧ್ಯಾನ ಕೆಟ್ಟದ್ದು ಎಂಬುದು ಅವರ ವಾದವಲ್ಲ, ಅದಕ್ಕೆ ಬಲ ಇದೆ, ಬಲ ಇರುವ ವಸ್ತುವನ್ನು ಅಳತೆಯಲ್ಲಿ ಕೊಡಬೇಕು ಎಂಬುದನ್ನು ಅದರಿಂದ ನಾವು ತಿಳಿಯಬಹುದು. ಉಸಿರು ನೋಡಿದರೆ ಎದೆ ಡವಗುಟ್ಟುವವರು ನಡಿಗೆಯ ಧ್ಯಾನವನ್ನೋ ಮೈತ್ರಿಭಾವನೆಯನ್ನೋ ಹಿಡಿಯಬಹುದು. ಆದರೆ ಇದನ್ನು ಆಚಾರ್ಯರು ಹೇಳಬೇಕಾದರೆ ಅವರಿಗೆ ವಿಷಯ ಗೊತ್ತಿರಬೇಕು.

ಧ್ಯಾನದಿಂದ ಹೃದಯಕ್ಕೆ ಒಳ್ಳೆಯದಾಗುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದು ತೂಕದ ಮಾತು: ಒಳ್ಳೆಯದಾಗಬಹುದು, ಅಪಾಯ ಕಡಿಮೆ, ಖರ್ಚೂ ಕಡಿಮೆ, ಆದ್ದರಿಂದ ಚಿಕಿತ್ಸೆಯ ಜೊತೆಗೆ ಸೇರಿಸಿಕೊಳ್ಳಬಹುದು, ಪುರಾವೆ ಇನ್ನೂ ಗಟ್ಟಿಯಾಗಬೇಕು. ಚಿಕಿತ್ಸೆಯ ಜೊತೆಗೆ ಎನ್ನುವ ಕಡೆ ಬೆರಳಿಟ್ಟು ಓದಬೇಕು. 1979ರಲ್ಲಿ ಜಾನ್ ಕಬಟ್-ಜಿನ್ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ರೋಗಿಗಳಿಗೆ ಧ್ಯಾನ ಕಲಿಸಲು ಹೊರಟಾಗ ಅವರನ್ನು ಕಾಡಿಗೂ ಮಠಕ್ಕೂ ಕಳಿಸಲಿಲ್ಲ. ಕೆಲವು ವಾರಗಳ ತರಗತಿ, ವಾರಕ್ಕೊಮ್ಮೆ ಬರುವುದು, ಉಳಿದ ದಿನ ಮನೆಯಲ್ಲೇ ಅಭ್ಯಾಸ, ಔಷಧಿ ಅದರ ಪಾಡಿಗೆ ಅದು. ಧ್ಯಾನವನ್ನು ಮದ್ದೆಂದು ಹುಡುಕಿಕೊಂಡು ಹೋಗುವವರಿಗೆ ಗೋಯೆಂಕಾ ಅವರದೇ ಕಥೆ ಇದೆ. ಬರ್ಮಾದಲ್ಲಿ ವ್ಯಾಪಾರಿಯಾಗಿದ್ದ ಅವರನ್ನು ಮಾರ್ಫಿನ್ ಚುಚ್ಚಿಸಿಕೊಳ್ಳುವಷ್ಟು ತಲೆನೋವು ಕಾಡುತ್ತಿತ್ತು. 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಹತ್ತಿರ ಹೋದಾಗ, ತಲೆನೋವು ವಾಸಿ ಮಾಡಿಕೊಳ್ಳಲಿಕ್ಕೇ ಬರುವುದಾದರೆ ಬೇಡ ಎಂದು ಗುರು ತಿರಸ್ಕರಿಸಿದ್ದರು. ಆಮೇಲೆ ಅವರ ತಲೆನೋವು ಹೋದದ್ದನ್ನು ಎಲ್ಲರೂ ಹೇಳುತ್ತಾರೆ, ಬಾಗಿಲಲ್ಲಿ ಗುರು ಬೇಡ ಎಂದದ್ದನ್ನು ಹೇಳುವವರು ಕಡಿಮೆ.

ಅಕ್ಕ ಕೊನೆಗೂ ಮಠಕ್ಕೆ ಬರೆದಳು. ಬರೆಯಲು ಒಪ್ಪಿಸಿದ್ದು ನನ್ನ ವಾದವಲ್ಲ, ಅವಳ ಹೃದ್ರೋಗ ತಜ್ಞರು. ಮರುತಪಾಸಣೆಗೆ ಹೋದಾಗ ಅವಳು ಸುಮ್ಮನೆ "ಪ್ರಯಾಣ ಮಾಡಬಹುದಾ ಡಾಕ್ಟ್ರೇ" ಎಂದಷ್ಟೇ ಕೇಳಿದಳು. ಮಾಡಬಹುದು ಎಂದರು ಅವರು. ನಾನು ಶಿಬಿರದ ದಿನಚರಿಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ನಮಸ್ಕಾರದ ಅವಧಿಗೆ ಅಡ್ಡಗೆರೆ ಎಳೆದರು. ಸಂಜೆ ಊಟವಿಲ್ಲ ಎಂದಿದ್ದ ಕಡೆ ಸುತ್ತು ಹಾಕಿ, ಟಿಕಾಗ್ರೆಲಾರ್ ದಿನಕ್ಕೆರಡು ಸಲ, 12 ಗಂಟೆ ಅಂತರ ತಪ್ಪಬಾರದು ಎಂದು ಪಕ್ಕದಲ್ಲಿ ಬರೆದರು. ಬೆಳಗಿನ ಘಂಟೆಯ ಎದುರು, ಅರ್ಧ ಗಂಟೆ ತಡವಾಗಿ ಏಳಲಿ ಎಂದು ಬರೆದರು. ಆಮೇಲೆ ಹಾಳೆ ಮಡಚಿ ಕೊಟ್ಟು, "ಈ ವರ್ಷ ಬೇಡಮ್ಮ. ನಡಿಗೆ ಮಾಡಿ, ಎಕೋ ಇನ್ನೊಂದ್ಸಲ ನೋಡೋಣ, ಟ್ರೆಡ್‌ಮಿಲ್ ಟೆಸ್ಟ್ ಮಾಡೋಣ, ಮುಂದಿನ ವರ್ಷ ನಾನೇ ಕಾಗದ ಕೊಡ್ತೀನಿ" ಎಂದರು. ಪ್ರಯಾಣದ ಪ್ರಶ್ನೆಗೆ ಸಿಕ್ಕ ಉತ್ತರ ಒಂದು, ದಿನಚರಿಗೆ ಸಿಕ್ಕ ಉತ್ತರ ಇನ್ನೊಂದು. ವೈದ್ಯರಿಗೆ ಮಠದ ಒಳಗಿನ ದಿನ ಹೇಗಿರುತ್ತದೆ ಎಂದು ಗೊತ್ತಿರುವುದಿಲ್ಲ, ನಾವೇ ತೋರಿಸಬೇಕು. ಮಠದಿಂದ ಬಂದ ಉತ್ತರವೂ ಸಣ್ಣದು: ತಿಳಿಸಿದ್ದು ಒಳ್ಳೆಯದಾಯಿತು, ಮುಂದಿನ ಸಲ ಕುರ್ಚಿ ಇಡುತ್ತೇವೆ, ಸಂಜೆ ಊಟ ಇರುತ್ತದೆ.

ಈಗ ಬೆಳಗ್ಗೆ ಅವಳು ಪಾರ್ಕಿನಲ್ಲಿ ನಡೆಯುತ್ತಾಳೆ, ಜೊತೆಯವರ ಹತ್ತಿರ ಮಾತಾಡಿಕೊಂಡು ಹೋಗಲು ಆಗುವಷ್ಟೇ ವೇಗ. ಮಾತು ಕಡಿಯಿತೆಂದರೆ ವೇಗ ಹೆಚ್ಚಾಯಿತು ಎಂದರ್ಥ, ಹೃದಯದ ಪುನಶ್ಚೇತನ ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ. ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುತ್ತಾಳೆ. ಸಂಜೆ ಮನೆಯಲ್ಲೇ ಕುರ್ಚಿಯ ಮೇಲೆ ಕೂತು ಧ್ಯಾನ. ದೊಡ್ಡ ಶಿಬಿರಕ್ಕೆ ಮೊದಲು ಬೆಂಗಳೂರಿನಲ್ಲೇ ಒಂದು ದಿನದ ಶಿಬಿರದಲ್ಲಿ ಕೂತು ನೋಡಬೇಕು ಎಂದು ಹೇಳಿದ್ದೇನೆ.

ಹೋಗುವ ದಿನ ಬಂದಾಗ ಅವಳ ಕೈಚೀಲದಲ್ಲಿ ಇರಬೇಕಾದವನ್ನು ನಾವಿಬ್ಬರೂ ಕೂತು ಬರೆದಿಟ್ಟಿದ್ದೇವೆ. ಡಿಸ್ಚಾರ್ಜ್ ಸಮ್ಮರಿಯ ಪ್ರತಿ, ಕೊನೆಯ ಇ.ಸಿ.ಜಿ., ಸ್ಟೆಂಟಿನ ವಿವರದ ಕಾರ್ಡ್. ಶಿಬಿರದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಸಾಲುವಷ್ಟು ಮಾತ್ರೆ, ವಿಮಾನದಲ್ಲಿ ಸಾಮಾನಿಗೆ ಹಾಕದೆ ಕೈಯಲ್ಲೇ. ಮಠದ ಕಚೇರಿಗೆ ಕೊಡಲು ಮನೆಯವರ ನಂಬರು, ವೈದ್ಯರ ನಂಬರು. ಅಲ್ಲಿಗೆ ಹತ್ತಿರ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಎಷ್ಟು ದೂರ ಎಂದು ಮೊದಲೇ ಕೇಳಿ ಬರೆದುಕೊಳ್ಳಬೇಕು. ನೇಪಾಳದಲ್ಲಿ ಆಂಬುಲೆನ್ಸ್‌ಗೆ 102, ನಮ್ಮಲ್ಲಿ 108. ಕರ್ನಾಟಕದೊಳಗಿನ ಶಿಬಿರಕ್ಕೆ ಹೋಗುವವರು, ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ, ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಆ ತಾಲ್ಲೂಕಿನಲ್ಲಿ ಇದೆಯೇ ಎಂದು ಒಂದು ಫೋನು ಮಾಡಿ ಕೇಳಿಕೊಂಡು ಹೊರಡುವುದು ಒಳ್ಳೆಯದು.